ಸ್ಟಿಯರಿಂಗಿಗೆ ಮೂರನೆಯ ಕೈ

ಮೊನ್ನೆ ಕರ್ಕಿ ದಾಟುವಾಗ ನನ್ನ ಕಾರಿನಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ಸ್ಟಿಯರಿಂಗಿನ ಚಿತ್ರ, ಅದರ ಪಕ್ಕ ಒಂದು ಉದ್ಗಾರ ಚಿಹ್ನೆ. ಬದುಕೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು; ಆ ಚಿಹ್ನೆಯನ್ನು ಸಂತೋಷಕ್ಕೆ ಹಾಕಬೇಕು, ಆಶ್ಚರ್ಯಕ್ಕೆ ಹಾಕಬೇಕು ಎಂದು ಹೇಳಿಕೊಟ್ಟವಳು. ಹೆದರಿಸುವುದಕ್ಕೂ ಹಾಕುತ್ತಾರೆಂದು ಅವತ್ತು ಗೊತ್ತಾಯಿತು. ಎರಡು ಬೆರಳಲ್ಲಿ ತಿರುಗುತ್ತಿದ್ದ ಚಕ್ರ ಮರುಕ್ಷಣವೇ ಕಲ್ಲಾಯಿತು. ನಾನು ಹುಟ್ಟಾ ಪುಕ್ಕಲಿ. ಕಾರು ಕಲಿತದ್ದೇ ನಿವೃತ್ತಳಾದ ಮೇಲೆ. ನನ್ನ ಹಿಂದೆ ಸಿಕ್ಕಿಬಿದ್ದ ರಿಕ್ಷಾದವರು ಹಾರ್ನು ಹೊಡೆದು ಹೊಡೆದು ಕೊನೆಗೆ ದೇವರ ಮೇಲೆ ಭಾರ ಹಾಕಿ ಸುಮ್ಮನಾಗುತ್ತಾರೆ. ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸುವಷ್ಟರಲ್ಲಿ ನನ್ನ ರವಿಕೆ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು.

ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು. ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೂ ಕುಮಟೆಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಅವಳ ತವರು ಮಂಕಿ. ಅಲ್ಲಿ ಅವಳ ತಮ್ಮನ ಮೊಮ್ಮಗುವಿಗೆ ಹೆಸರಿಡುವ ದಿನ, ನಾವು ಹೊರಟದ್ದು ಅದಕ್ಕೆ. ಹೇಗೋ ಜಗ್ಗಾಡಿ ಹೊನ್ನಾವರದ ಒಂದು ಗ್ಯಾರೇಜಿಗೆ ಮುಟ್ಟಿಸಿದೆ. ಅಲ್ಲಿಯ ಮೆಕ್ಯಾನಿಕ್ ಏನೋ ವಯರು ಸಿಕ್ಕಿಸಿ ನೋಡಿ, "ಪವರ್ ಸ್ಟಿಯರಿಂಗಿನ ಮೋಟರ್ ಹೋಗ್ತಾ ಅದೆ ಮೇಡಂ. ಹುಬ್ಬಳ್ಳಿಂದ ತರಿಸ್ಬೇಕು. ಮೂವತ್ತು ಸಾವಿರದ ಹತ್ರ ಆಗ್ತದೆ" ಎಂದ. ಓಡಿಸಬಹುದೇ ಎಂದು ಕೇಳಿದೆ. "ಓಡಿಸೂಕೆ ಅಡ್ಡಿಲ್ಲ, ಭಾರ ಆಗ್ತದೆ ಅಷ್ಟೇ. ಹಳೇ ಕಾಲದ ಗಾಡಿ ಅಂದ್ಕೊಂಡು ನಿಧಾನ ಹೋಗಿ."

ಅಲ್ಲಿಯವರೆಗೆ ಕಿವಿ ಕೇಳದವಳ ಹಾಗೆ ಕೂತಿದ್ದ ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಮ್ಮೆ ಲೆಕ್ಕದಲ್ಲಿ ಎಷ್ಟಾತು?" ಎಂದಳು.

ಅವನು ಕಣ್ಣು ಕಣ್ಣು ಬಿಟ್ಟ. ನನಗೆ ನಗು ಬಂತು. ನಿಮಗೂ ಅರ್ಥವಾಗಿರಲಿಕ್ಕಿಲ್ಲ. ಅದಕ್ಕೆ ಶರಾವತಿಗೆ ಸೇತುವೆ ಇಲ್ಲದ ಕಾಲಕ್ಕೆ, ಅಣ್ಣನ ಬಾಡಿಗೆ ಕಾರಿನ ಕಾಲಕ್ಕೆ ಹೋಗಬೇಕು.

ಆ ಕಾರು ಬೊಂಬಾಯಿಯಲ್ಲಿ ಯಾರ ಯಾರದೋ ಕೈ ಬದಲಾಯಿಸಿ, ಕೊನೆಗೆ ಭಟ್ಕಳದ ಒಬ್ಬ ವ್ಯಾಪಾರಿಯ ಅಂಗಳದಿಂದ ನಮ್ಮಲ್ಲಿಗೆ ಬಂದದ್ದು. ಕಪ್ಪು ಬಣ್ಣ, ಎದುರಿಗೆ ಬೆಂಚಿನಂಥ ಒಂದೇ ಉದ್ದ ಸೀಟು, ಹಗ್ಗ ಕಟ್ಟಿ ನಿಲ್ಲಿಸಿದ ಹಿಂದಿನ ಬಾಗಿಲು. ಸ್ಟಿಯರಿಂಗ್ ಅಂದರೆ ಊಟ ಬಡಿಸುವ ಹರಿವಾಣದಷ್ಟು ದೊಡ್ಡದು. ಅದನ್ನು ಕಾಲು ಸುತ್ತು ತಿರುಗಿಸುವವರೆಗೆ ಚಕ್ರಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೆ ಅಕ್ಕಿ ತುಂಬಿದ ಒರಳಿನಲ್ಲಿ ಗುಂಡು ತಿರುಗಿಸಿದ ಹಾಗೆ. ಅಣ್ಣನ ತೋಳು ಗಟ್ಟಿಯಿತ್ತು, ನಡೆಯುತ್ತಿತ್ತು. ಅಪ್ಪ ಬಿಟ್ಟುಹೋದ ಆಸ್ತಿ ಹೇಳಿಕೊಳ್ಳುವಂಥದ್ದಲ್ಲ. ಅಣ್ಣ, ಅತ್ತಿಗೆ, ಅಮ್ಮ, ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದ ನಾನು, ಎಲ್ಲರ ಅನ್ನವೂ ಆ ಕಾರಿನ ಬಾಡಿಗೆಯಿಂದಲೇ ಬೇಯಬೇಕು.

ನಾನು ಧಾರವಾಡದಲ್ಲಿದ್ದಾಗಲೇ ಅನಾಹುತವಾಯಿತು. ಆಗಿನ ಗಾಡಿಗಳನ್ನು ಎದುರಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿ ಚಾಲೂ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಇಂಜಿನ್ನು ಹಿಂದಕ್ಕೆ ಒದೆಯಿತು, ಹ್ಯಾಂಡಲ್ ಗರ್ರನೆ ತಿರುಗಿ ಅಣ್ಣನ ಬಲ ಮಣಿಕಟ್ಟು ಮುರಿಯಿತು. ನಾಟಿ ವೈದ್ಯರು ಸೊಪ್ಪು ಅರೆದು ಬಿದಿರಿನ ಪಟ್ಟಿ ಕಟ್ಟಿದರು. ಎಲುಬು ಕೂಡಿತು, ಬಲ ಮಾತ್ರ ಬರಲಿಲ್ಲ. ಒದ್ದೆ ಪಂಚೆ ಹಿಂಡಲೂ ಆ ಕೈಗೆ ಆಗುತ್ತಿರಲಿಲ್ಲ. ಊರವರ ಹಾಗೆ ನನಗೂ "ಕೈ ಸರಿಯಾಗಿದೆ, ಚಿಂತೆ ಬೇಡ" ಎಂದು ಹೇಳಿ ಕಳಿಸಿದ್ದರು.

ಸ್ಟಿಯರಿಂಗ್ ಹಗುರಾಗುವ ಹಾಗೆ ರಿಪೇರಿ ಮಾಡಿಸೋಣವೆಂದು ಅಣ್ಣ ಕುಮಟೆಯ ಮಿಸ್ತ್ರಿಗೆ ತೋರಿಸಿದನಂತೆ. ಮಿಸ್ತ್ರಿ ಒಳಗಿನ ಹಲ್ಲುಗಳೆಲ್ಲ ಸವೆದಿವೆ, ಇಡೀ ಪೆಟ್ಟಿಗೆಯನ್ನೇ ಬೊಂಬಾಯಿಂದ ತರಿಸಬೇಕು ಎಂದ. ಅವನು ಹೇಳಿದ ಮೊತ್ತಕ್ಕೆ ಆಗ ಹಾಲು ಕರೆಯುವ ಎಮ್ಮೆ ಎರಡು ಬರುತ್ತಿದ್ದವು. ಅಣ್ಣ ಮನೆಗೆ ಬಂದು, "ಎರಡು ಎಮ್ಮೆ ಕೊಟ್ಟು ಒಂದು ಚಕ್ರ ತಿರುಗಿಸೂದಾ?" ಎಂದು ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತನಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ತರಬೇತಿ ಮುಗಿಸಿ ಬಂದಾಗ ನಾನು ಕಂಡದ್ದು ಬೇರೆಯೇ. ಅಣ್ಣನ ಕಾರು ಎಲ್ಲಿಗೆ ಹೊರಟರೂ ಅತ್ತಿಗೆ ಸೀರೆ ಉಟ್ಟು, ಸೆರಗು ಬಲ ಹೆಗಲ ಮೇಲಿಂದ ಸುತ್ತಿ ಹೊದ್ದು ಎದುರಿನ ಸೀಟಿನಲ್ಲಿ ಅವನಿಗೆ ಒತ್ತಿ ಕೂತುಬಿಡುತ್ತಿದ್ದಳು. ಮಿರ್ಜಾನಕ್ಕೂ ಅವಳು, ಗೇರುಸೊಪ್ಪೆಗೂ ಅವಳು. ಗಂಡ ಹೆಂಡತಿ ರಸ್ತೆಯಲ್ಲಿ ಜೊತೆಗೆ ನಡೆಯಲೂ ನಾಚುವ ಕಾಲ. ಪೇಟೆಯವರು ಬಾಯಿಗೆ ಬಂದಂತೆ ಆಡಿಕೊಂಡರು. ದಾರಿಯುದ್ದಕ್ಕೂ ಇಬ್ಬರೂ ಪಿಸಪಿಸ ಮಾತಾಡುತ್ತಾರೆ, ಹಿಂದೆ ಕೂತವರು ಮನುಷ್ಯರೋ ಅಕ್ಕಿಮೂಟೆಯೋ ನೋಡುವುದಿಲ್ಲ ಎಂದರು. ಇವಳಿಗೆ ಮೆರೆಯುವ ಚಟ ಎಂದು ನಾನೂ ಅಂದುಕೊಂಡೆ. ಅಮ್ಮ ಮಾತ್ರ ಅವರು ಹೊರಟಾಗಲೆಲ್ಲ ದೇವರಿಗೆ ದೀಪ ಹಚ್ಚಿ, ಕಾರಿನ ಸದ್ದು ಮತ್ತೆ ಕೇಳುವವರೆಗೆ ಒಂದು ತುತ್ತೂ ಬಾಯಿಗೆ ಹಾಕುತ್ತಿರಲಿಲ್ಲ.

ಭಟ್ಕಳದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ನಾನು ಹೋಗಿ ಸೇರಬೇಕಾದ ದಿನವೇ ಭಟ್ಕಳದ ಬಟ್ಟೆ ವ್ಯಾಪಾರದ ಸಾಹೇಬರೊಬ್ಬರು ತಮ್ಮ ಮುದಿ ತಾಯಿಯನ್ನು ಕುಮಟೆಯ ವೈದ್ಯರಿಗೆ ತೋರಿಸಿ ವಾಪಸು ಹೋಗಲು ಅಣ್ಣನ ಕಾರು ಗೊತ್ತು ಮಾಡಿದ್ದರು. "ಹಿಂದೆ ಜಾಗ ಅದೆ, ತಂಗಿನೂ ಬರ್ಲಿ" ಎಂದರು ಸಾಹೇಬರು. ಅತ್ತಿಗೆ ಎಂದಿನಂತೆ ಎದುರಿಗೆ ಕೂತದ್ದನ್ನು ನೋಡಿ, "ಒಬ್ಬ ಡ್ರೈವರಿಗೆ ಬಾಡಿಗೆ ಕೊಟ್ರೆ ಇಬ್ರು ಬರ್ತಾರಲ್ಲ ಮಾರಾಯಾ!" ಎಂದು ನಗೆಯಾಡಿದರು. ಅಣ್ಣ ನಗಲಿಲ್ಲ.

ಹಳದೀಪುರದ ತಿರುವಿನಲ್ಲಿ ಗಾಳಿ ಜೋರಾಗಿ ಬೀಸಿ ಅತ್ತಿಗೆಯ ಸೆರಗು ಹಾರಿತು. ನಾನು ಹಿಂದಿನ ಸೀಟಿನ ನಡುವೆ ಕೂತಿದ್ದೆ. ಅವಳ ಬಲಗೈ ಸ್ಟಿಯರಿಂಗಿನ ಎಡ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಸದ್ದಾಗದಿರಲೆಂದು ಬಳೆಗಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಅಣ್ಣ ತುಟಿ ಅಲ್ಲಾಡಿಸದೆ "ಎಳಿ" ಎಂದ; ಅವಳು ಕೆಳಗೆ ಎಳೆದಳು, ಗಾಡಿ ಎಡಕ್ಕೆ ತಿರುಗಿತು. "ಬಿಡು" ಎಂದ, ಬಿಟ್ಟಳು. "ನೂಕು" ಎಂದ, ಅವಳು ಹೆಗಲು ಕೊಟ್ಟು ಮೇಲಕ್ಕೆ ನೂಕಿದಳು, ಗಾಡಿ ಬಲಕ್ಕೆ ಬಂತು. ಅಣ್ಣನ ಬಲಗೈ ಸುಮ್ಮನೆ ಚಕ್ರದ ಮೇಲೆ ಕೂತಿತ್ತು, ನೋಡುವವರಿಗಾಗಿ. ಅತ್ತಿಗೆ ಎಡಗೈಯಲ್ಲಿ ಸೆರಗು ಎಳೆದು ಮುಚ್ಚಿಕೊಂಡು ಒಮ್ಮೆ ಹಿಂದಿರುಗಿ ನನ್ನನ್ನೇ ನೋಡಿದಳು. ನಾನು ಬಾಯಿ ಮುಚ್ಚಿದೆ.

ಗೊತ್ತಿಲ್ಲದಿದ್ದಾಗ ಆ ಕಾರಿನಲ್ಲಿ ಎಷ್ಟು ಸಲ ನಿದ್ದೆ ಮಾಡಿದ್ದೇನೆ! ಗೊತ್ತಾದ ಮೇಲೆ ಹೊನ್ನಾವರದವರೆಗೂ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಎದುರಿಗೆ ಒಂದು ಗಾಡಿ ಬಂದರೆ ಎರಡು ತಲೆ, ಮೂರು ಕೈ ಕೂಡಿ ತೀರ್ಮಾನ ಮಾಡಬೇಕು. ಪಕ್ಕದಲ್ಲಿ ಆ ಮುದುಕಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಕೂಗಿ ಹೇಳಿಬಿಡಲೇ ಅನಿಸಿತು. ಹೇಳಿದರೆ ನಾಳೆಯಿಂದ ಈ ಕಾರು ಹತ್ತುವವರು ಯಾರು?

ಹೊನ್ನಾವರದಲ್ಲಿ ಶರಾವತಿ ಹೊಳೆ ಕೆಂಪಗೆ ತುಂಬಿತ್ತು. ಆಗ ಕಾರುಗಳನ್ನು ಜಂಗಲಿನ ಮೇಲೆ ದಾಟಿಸುತ್ತಿದ್ದರು. ಎರಡು ದೊಡ್ಡ ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು ಅದು. ಪಾಚಿ ಹಿಡಿದ ಕಲ್ಲಿನ ಇಳಿಜಾರು, ಅದರ ತುದಿಯಿಂದ ಜಂಗಲಿಗೆ ಉದ್ದಕ್ಕೆ ಹಾಕಿದ ಎರಡು ಹಲಗೆ. ಗಾಡಿಯ ಚಕ್ರಗಳು ಆ ಎರಡು ಹಲಗೆಗಳ ಮೇಲೇ ಹೋಗಬೇಕು, ಕೆಳಗೆ ನೀರು. ಜನರೆಲ್ಲ ಇಳಿದು ನಡೆದು ಹತ್ತುವುದು ಪದ್ಧತಿ. ಅತ್ತಿಗೆ ಯಾವತ್ತೂ ಇಳಿಯುತ್ತಿರಲಿಲ್ಲ, ಜಂಗಲಿನವರಿಗೆ ಅವಳ ಹಟ ಅಭ್ಯಾಸವಾಗಿತ್ತು. ಅವತ್ತು ಉಸ್ತುವಾರಿಗೆ ಹೊಸಬನೊಬ್ಬ ಬಂದಿದ್ದ.

"ಅಮ್ಮ, ಇಳೀರಿ."

"ನಾ ಇಳೂದಿಲ್ಲ. ಕಾಲು ನೋವದೆ."

"ಕಾಲು ನೋವಿದ್ರೆ ಎತ್ಕೊಂಡು ಇಳ್ಸ್ತೆ. ಡ್ರೈವರ್ ಬಿಟ್ಟು ಯಾರೂ ಒಳಗಿರೂಕಾಗ. ಇಲ್ದಿದ್ರೆ ಗಾಡಿ ಇಲ್ಲೇ ನಿಲ್ತದೆ."

ಹಿಂದೆ ಲಾರಿಯವರು ಬೈಯತೊಡಗಿದರು. ಸಾಹೇಬರೂ ತಾಯಿಯ ಕೈಹಿಡಿದು ಇಳಿದು ನಿಂತು ಇತ್ತಲೇ ನೋಡುತ್ತಿದ್ದರು. ಅಣ್ಣ ಮುಖ ತಿರುಗಿಸದೆ, "ಇಳಿ" ಎಂದ. ಅತ್ತಿಗೆ ಇಳಿದಳು.

ಅವಳು ನನ್ನ ಪಕ್ಕ ಬಂದು ನಿಂತು ನನ್ನ ಮಣಿಕಟ್ಟು ಹಿಡಿದಳು. ಕಾರು ಇಳಿಜಾರಿನಲ್ಲಿ ನಿಧಾನಕ್ಕೆ ಜಾರಿತು. ಎದುರಿನ ಚಕ್ರಗಳು ಹಲಗೆ ಹತ್ತಿದವು. ಅತ್ತಿಗೆ ನನ್ನ ಕೈಯನ್ನು ಕೆಳಗೆ ಎಳೆದಳು, ಮೇಲಕ್ಕೆ ನೂಕಿದಳು, ಅದೇ ಸ್ಟಿಯರಿಂಗ್ ಎಂಬಂತೆ. ನನ್ನ ಬಳೆ ಒಡೆದು ಚರ್ಮಕ್ಕೆ ಚುಚ್ಚಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಎಡಗಡೆಯ ಚಕ್ರ ಮೆಲ್ಲಗೆ ಹಲಗೆಯ ಅಂಚಿಗೆ ಸರಿಯುತ್ತಿತ್ತು. ಅಣ್ಣ ಸ್ಟಿಯರಿಂಗ್ ತಿರುಗಿಸುತ್ತಿದ್ದ. ಅದು ಕಾಲು ಸುತ್ತು ಪುಕ್ಕಟೆ ತಿರುಗಿ ಅಲ್ಲಿಗೇ ಕಚ್ಚಿಕೊಂಡಿತು. ಬ್ರೇಕು ಒತ್ತಿದ. ಟಾಯರಿನ ಅರ್ಧ ಹಲಗೆಯ ಮೇಲೆ, ಅರ್ಧ ನೀರಿನ ಮೇಲೆ. ನಿಂತ ಗಾಡಿಯ ಸ್ಟಿಯರಿಂಗು ಓಡುವ ಗಾಡಿಗಿಂತ ಭಾರ. ಒಂದು ಕೈಯಲ್ಲಿ ಅದನ್ನು ಅಲುಗಿಸುವುದು ಆಗದ ಮಾತು. ಹೊಳೆಯ ಸೆಳೆತಕ್ಕೆ ಜಂಗಲು ಹಗ್ಗ ಜಗ್ಗಿತು, ಹಲಗೆಗಳು ಕಲ್ಲಿನ ಮೇಲೆ ಕಿರ್ರೆಂದು ಸರಿದವು. ಅಣ್ಣ ಮುಳುಗಿದ ಅಂತಲೇ ನಾನು ಅಂದುಕೊಂಡೆ. ಕೂಗಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ.

ಅತ್ತಿಗೆಗೆ ಸ್ವರ ಹೊರಟಿತು. "ಹಗ್ಗ ಬಿಗಿ ಹಿಡೀರೋ! ಅವರ ಕೈಯಲ್ಲಿ ಆಗೂದಿಲ್ಲ! ಕೈ ಮುರ್ದದೆ, ಗಾಡಿ ತಿರುಗ್ಸೂದು ನಾನು!"

ದಡದಲ್ಲಿದ್ದವರೆಲ್ಲ ಕೇಳಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಸೊಂಟದವರೆಗೆ ನೀರು ಬಂತು. ಹಲಗೆ ಹಿಡಿದು, ಎಡಗಡೆಯ ಬಾಗಿಲು ತೆರೆದು ಒಳಗೆ ಹತ್ತಿದಳು. ಮರೆಯೇನೂ ಇಲ್ಲದೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೇಲಕ್ಕೆ ನೂಕಿದಳು. ಚಕ್ರ ಹೊರಳಿ ಹಲಗೆಯ ನಡುವಿಗೆ ಬಂತು, ಗಾಡಿ ಜಂಗಲು ಹತ್ತಿತು.

ಆಚೆ ಕಾಸರಕೋಡಿನ ದಡದಲ್ಲಿ ಭಟ್ಕಳದ ಬಸ್ಸು ಕಾದಿತ್ತು. ಸಾಹೇಬರು ತಾಯಿಯ ಗಂಟು ಎತ್ತಿಕೊಂಡು, "ಬೇಜಾರ್ ಮಾಡ್ಬೇಡ ಮಾರಾಯಾ, ಮಕ್ಕಳು ಮರಿ ಇದ್ದವ ನಾನು" ಎಂದರು. ಅವರದೇನು ತಪ್ಪು? ಅವರ ತಾಯಿ ಮಾತ್ರ ಬಸ್ಸು ಹತ್ತುವ ಮೊದಲು ಅತ್ತಿಗೆಯ ಒದ್ದೆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಒತ್ತಿದರು. ಬಸ್ಸಿಗೆ ಹೋಗಲು ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಇಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅಲ್ಲಿಂದ ಭಟ್ಕಳದವರೆಗೆ ಅಣ್ಣ "ಎಳಿ" ಎನ್ನಲಿಲ್ಲ, "ಬಿಡು" ಎನ್ನಲಿಲ್ಲ. ಅತ್ತಿಗೆಯೇ ರಸ್ತೆ ನೋಡಿಕೊಂಡು ಎಳೆದಳು, ನೂಕಿದಳು.

ಸುದ್ದಿ ಅವರಿಗಿಂತ ಮೊದಲು ಕುಮಟೆ ಮುಟ್ಟಿತ್ತು. ಬಾಡಿಗೆ ನಿಂತಿತು. ಕಾರನ್ನು ಹುಬ್ಬಳ್ಳಿಯ ಗುಜರಿಯವರು ಎಳೆದುಕೊಂಡು ಹೋದರು. ಅಣ್ಣ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ, ಬಹಳ ಕಾಲ ಅತ್ತಿಗೆಯೊಡನೆ ನೆಟ್ಟಗೆ ಮಾತಾಡಲಿಲ್ಲ. ರಜೆಯಲ್ಲಿ ಹೋದಾಗ ನನ್ನ ಹತ್ತಿರ ಗೊಣಗಿದ: "ಅವಳು ಅವತ್ತು ಹಾಗೆ ಕೂಗದೇ ಇದ್ದಿದ್ರೆ ಬಾಡಿಗೆ ಉಳೀತಿತ್ತು."

"ಬಾಡಿಗೆ ಉಳೀತಿತ್ತು. ನೀನು ಉಳೀತಿದ್ಯಾ?" ಎಂದೆ.

ಅವತ್ತು ಊಟಕ್ಕೆ ಕೂತಾಗ ಅಣ್ಣ "ನೀನೂ ಬಾ, ಕೂತ್ಕೋ" ಎಂದು ಅತ್ತಿಗೆಯನ್ನು ಕರೆದ.

ಮೊನ್ನೆ ಗ್ಯಾರೇಜಿನಲ್ಲಿ ಅತ್ತಿಗೆ ಕೇಳಿದ ಎಮ್ಮೆಯ ಲೆಕ್ಕಕ್ಕೆ ಬಂದರೆ, ಈಗಿನ ಬೆಲೆಗೆ ಮೂವತ್ತು ಸಾವಿರಕ್ಕೆ ಅರ್ಧ ಎಮ್ಮೆಯೂ ಬಾರದು. "ಹಂಗಾರೆ ಸಸ್ತಾ ಆತು" ಎಂದಳು ಅತ್ತಿಗೆ. ವಾಪಸು ಬರುವಾಗ ಗಾಡಿಯನ್ನು ರಿಪೇರಿಗೆ ಬಿಡುತ್ತೇವೆಂದು ಮೆಕ್ಯಾನಿಕ್ಕಿಗೆ ಹೇಳಿ ಹೊರಟೆವು. ನನಗೆ ಬಸ್ಸಿಗೆ ಹೋಗುವ ಮನಸ್ಸಿತ್ತು, ಈ ಸಲವೂ.

ಸೇತುವೆ ಬಂತು. ಕೆಳಗೆ ಶರಾವತಿ ಅಗಲಕ್ಕೆ ಹರಿದಿತ್ತು. ನನ್ನ ಅಂಗೈ ಬೆವರಿ ಚಕ್ರ ಜಾರುತ್ತಿತ್ತು. ಆಗ ಪಕ್ಕದಿಂದ ಸೆರಗಿನಡಿಯ ಕೈ ಹೊರಬಂದು ಸ್ಟಿಯರಿಂಗಿನ ಎಡ ಅಂಚು ಹಿಡಿಯಿತು. ಸುಕ್ಕುಗಟ್ಟಿದ ಕೈ, ಸಡಿಲವಾದ ಬಳೆ.

"ಬಿಡು ಅತ್ತಿಗೆ. ಸೇತುವೆ ನೆಟ್ಟಗದೆ, ತಿರುಗ್ಸೂಕೆ ಎಂತದೂ ಇಲ್ಲ."

"ಹೊಳೆ ದಾಟ್ಲಿ" ಎಂದಳು, ನೀರಿನ ಕಡೆ ನೋಡದೆ.

ಸ್ಟಿಯರಿಂಗ್ ಸಣ್ಣಗೆ ನಡುಗುತ್ತಿತ್ತು. ಮೋಟರಿನದೋ ನನ್ನ ಕೈಯದೋ ಎಂದುಕೊಂಡೆ. ನನ್ನ ಎಡಗೈ ತೆಗೆದು ನೋಡಿದೆ. ನಡುಕ ನಿಲ್ಲಲಿಲ್ಲ; ಅವಳ ಸಡಿಲ ಬಳೆ ಅದುರುತ್ತಿತ್ತು, ನಡುಕ ಅವಳ ಕೈಯದು. ನಮ್ಮ ಮನೆಯಲ್ಲಿ ಪುಕ್ಕಲಿ ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಆ ಬಟ್ಟೆ ಸುತ್ತಿದ ಬಳೆಗಳ ಕೈ ಒಂದು ದಿನವೂ ಹೆದರದೆ ಆ ಚಕ್ರ ಹಿಡಿದದ್ದಿಲ್ಲ ಎಂದು ನನಗೆ ಆಗ ಹೊಳೆಯಿತು. ತೆಗೆದ ಎಡಗೈಯನ್ನು ಅವಳ ಕೈಯ ಮೇಲಿಟ್ಟೆ. ಕಾಸರಕೋಡು ಮುಟ್ಟುವವರೆಗೆ ಮತ್ತೆ ಬಿಡು ಎನ್ನಲಿಲ್ಲ.