ಸಪ್ಪಳವಿಲ್ಲದ ಟೈರು

ನಮ್ಮ ಕಾರಿಗೆ ಹಳೆಯ ಟೈರು ಕೊಂಡ ಸಂಗತಿಯನ್ನು ನಾನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೀತಿಯಲ್ಲಿ ಹೇಳಿದ್ದೇನೆ. ಮೊದಮೊದಲು ತಪ್ಪು ಟೈರಿನವನದಾಗಿತ್ತು. ಆಮೇಲೆ ನನ್ನ ತಾಯಿಯದಾಯಿತು. ನಿಜವನ್ನು, ಅಂದರೆ ಈಗ ನಾನು ನಿಜವೆಂದುಕೊಂಡಿರುವುದನ್ನು, ಒಬ್ಬನಿಗೆ ಮಾತ್ರ ಖಚಿತವಾಗಿ ಹೇಳಿದ್ದೇನೆ. ಅವನಿಗೆ ಅದು ಮೊದಲೇ ಗೊತ್ತಿತ್ತು.

ಅವು ಯುದ್ಧದ ವರ್ಷಗಳು. ತಂದೆ ಹೊಸಪೇಟೆಯಲ್ಲಿ ವಕೀಲರು. ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದು, ಅಲ್ಲಿಗೆ ಇಲ್ಲಿಗೆ ಅರ್ಜಿ ಹಾಕುತ್ತ, ಊಟಕ್ಕೆ ಕೂತಾಗ ದೇವರಿಲ್ಲವೆಂದು ವಾದಿಸುತ್ತ, ಅವರ ಕಾರು ನಡೆಸುತ್ತಿದ್ದೆ. ಹೊಸ ಟೈರಿಗೆ ಬಳ್ಳಾರಿಯಿಂದ ಪರ್ಮಿಟ್ಟು ಬೇಕು; ವಕೀಲರಿಗೆ ಅದನ್ನು ಯಾರೂ ಕೊಡುತ್ತಿರಲಿಲ್ಲ. ಕಳ್ಳಸಂತೆಯ ಬೆಲೆ ಕೇಳಿ ತಂದೆ ಹೊಸ ಟೈರಿನ ಆಸೆಯನ್ನೇ ಬಿಟ್ಟರು. ಆಗ ಹಿಂದಿನ ಗಾಲಿಗಳಿಗೆ ಇದ್ದವು ದಪ್ಪ ಗಡ್ಡೆಗಡ್ಡೆ ಅಚ್ಚಿನ ಟೈರುಗಳು. ಕಾರು ಸ್ವಲ್ಪ ವೇಗ ಹಿಡಿದರೆ ಹಿಟ್ಟಿನ ಗಿರಣಿಯ ಹಾಗೆ ಊಳಿಡುತ್ತಿದ್ದವು. ತಂದೆಗೆ ಒಂದು ಕಿವಿ ಮಂದ. ಕಕ್ಷಿಗಾರರು ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ತಮ್ಮ ಹೊಲದ ಕಥೆ ಹೇಳಿದರೆ ಇವರಿಗೆ ಅರ್ಧವೂ ಕೇಳಿಸದು. ಅದಕ್ಕೇ ನನಗೆ ಅಪ್ಪಣೆಯಾದದ್ದು: ಸಪ್ಪಳ ಮಾಡದ, ನಮ್ಮ ಕೈಗೆ ಎಟುಕುವ ಎರಡು ಟೈರು ಹುಡುಕು.

ಊರಿಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ಒಬ್ಬ ಟೈರಿನವನಿದ್ದ. ಅವನ ಹಿರಿಯರು ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲ ಹೊಲಿಯುತ್ತಿದ್ದವರು. ಇವನು ಆ ವಿದ್ಯೆಯನ್ನೇ ಟೈರಿಗೆ ತಿರುಗಿಸಿದ್ದ. ಟೈರಿನ ಹೊರಮೈ ನೋಡುತ್ತಲೇ ಇರಲಿಲ್ಲ. ಒಳಗೆ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ, ಸುತ್ತಲೂ ಸವರಿಕೊಂಡು ಹೋಗುತ್ತಿದ್ದ. ಹಾಗೆ ಸವರಿ ಅವನು ನನಗೆ ಒಂದು ಜೋಡಿ ಆರಿಸಿಕೊಟ್ಟ. ಉದ್ದುದ್ದ ಗೀರಿನ ನುಣುಪು ಅಚ್ಚು, ಊಳಿಡುವುದಿಲ್ಲ. ಬೆಲೆಯೂ ಆದೀತು ಅನ್ನುವಷ್ಟೇ. ಒಂದರ ಮಗ್ಗುಲಲ್ಲಿ ಮಾತ್ರ ಬೆರಳುದ್ದ ಸೀಳಿತ್ತು. ಎಣ್ಣೆ ಕುಡಿಸಿದ ಚರ್ಮದ ಪಟ್ಟಿಯನ್ನು ಒಳಗಿನಿಂದ ಕೂರಿಸಿದರೆ ವರ್ಷ ಓಡುತ್ತದೆ ಎಂದ. ಕೂರಿಸಿಯೂ ತೋರಿಸಿದ. ಕಾರಿಗೆ ಹಾಕಿ ಊರ ಹೊರಗೆ ಒಂದು ಸುತ್ತು ಬಂದೆವು. ಗಾಲಿ ಒಂದು ಸುತ್ತು ಸುತ್ತಿದಾಗಲೊಮ್ಮೆ ಮೆತ್ತಗೆ ತಪ್ ಅನ್ನುತ್ತಿತ್ತು, ಗಮನವಿಟ್ಟರೆ ಮಾತ್ರ ಕೇಳಿಸುವಷ್ಟು.

ಚರ್ಮದ ಪಟ್ಟಿ ತೆಗೆದು ಕ್ಯಾನ್ವಾಸಿನದು ಹಾಕು ಎಂದು ನಾನು ಹೇಳಿದೆ.

ಅವನು ನನ್ನ ಮುಖ ನೋಡಿದ. "ಸಪ್ಪಳಕ್ಕೇನ್ರಿ ಸ್ವಾಮಿ, ಮತ್ತೇನರ ಐತೇನ್ರಿ?"

"ಸಪ್ಪಳಕ್ಕ."

"ಕ್ಯಾನ್ವಾಸ ತಡಿಯಂಗಿಲ್ರಿ. ಬಿಸಲಿಗೆ ಹಿಗ್ಗತೈತಿ. ನನ್ನ ಮಾತು ಕೇಳ್ರಿ, ಇದು ಬ್ಯಾಡ."

ಆಗಲಿ ಹಾಕು ಎಂದೆ. ಅವನು ಪಟ್ಟಿಯನ್ನು ಕಿತ್ತು, ಒರೆಸಿ, ಸುರುಳಿ ಸುತ್ತಿ ಗೂಡಿನಲ್ಲಿಟ್ಟ. ಆ ಒರೆಸಿದ ರೀತಿ ನನಗೆ ನೆನಪಿದೆ. ಅಥವಾ ನಾಚಿಕೆಗೆ ಒಂದು ಚಿತ್ರ ಬೇಕೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ ತಿಳಿಯದು.

ಮತ್ತೇನೋ ಇದ್ದದ್ದು ನಿಜ. ಪೆಟ್ರೋಲ್ ಕೂಪನ್ನು ಉಳಿದ ತಿಂಗಳು ತಾಯಿ ಅದೇ ಕಾರಿನಲ್ಲಿ ಹಂಪಿಯ ಗುಡಿಗೆ ಹೋಗುತ್ತಿದ್ದಳು, ಮಡಿಯಲ್ಲಿ, ನೈವೇದ್ಯದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು. ಅವಳ ಕೆಳಗೆ ಚರ್ಮ, ಅದೂ ಅವನ ಕೈಯ ಚರ್ಮ, ತಿರುಗುತ್ತಿರುತ್ತದೆ ಅನ್ನುವುದು ನನಗೆ ಸರಿಬರಲಿಲ್ಲ. ದೇವರನ್ನೇ ಒಪ್ಪದ ನಾನು ಇದನ್ನು ಬಾಯಿಬಿಟ್ಟು ಹೇಗೆ ಹೇಳಲಿ? ಸಪ್ಪಳ ಎಂದೆ.

ಎರಡು ತಿಂಗಳು ಕಾರು ಸದ್ದಿಲ್ಲದೆ ಓಡಿತು. ತಂದೆ ಬಹಳ ಮೆಚ್ಚಿದರು. ಆಮೇಲೆ ಒಂದು ಮಧ್ಯಾಹ್ನ ಚೋರನೂರಿನ ಹೊಲದ ತಕರಾರು ಮುಗಿಸಿ ಸಂಡೂರಿನ ಗುಡ್ಡದ ದಾರಿಯಲ್ಲಿ ಇಳಿಯುವಾಗ ಆ ಟೈರು ಸಿಡಿಯಿತು. ಕಾರು ಪಕ್ಕಕ್ಕೆ ಎಳೆದು, ರಸ್ತೆಗೆಂದು ಒಟ್ಟಿದ್ದ ಜಲ್ಲಿಯ ರಾಶಿಗೆ ಮೂತಿ ತೂರಿಸಿ ನಿಂತಿತು. ತಂದೆಯ ಬಲ ಮಣಿಕಟ್ಟು ಮುರಿಯಿತು. ನನಗೆ ಏನೂ ಆಗಲಿಲ್ಲ.

ಕೆಂಪು ಧೂಳಿನಲ್ಲಿ ಕೂತು, ಹರಿದ ಟೈರಿನ ಒಳಗಿನ ಬಟ್ಟೆಯ ಚಿಂದಿ ನೋಡಿ ತಂದೆ ಕೇಳಿದರು: "ಇಲ್ಲಿ ಚರ್ಮದ ಪಟ್ಟಿ ಹಾಕತಾರಲ್ಲ? ಅವ ಹಾಕಿರಲಿಲ್ಲೇನು?"

ನಾನು ಹೇಳಿದ್ದು: "ಹಾಕತೀನಿ ಅಂದಿದ್ದ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ವಕೀಲರ ಮಗನಿಗೆ ಅಷ್ಟು ಬರುತ್ತದೆ. ಉಳಿದದ್ದನ್ನು ತಂದೆ ತಾವೇ ಪೂರ್ತಿ ಮಾಡಿಕೊಂಡರು, ನಾನು ಸುಮ್ಮನಿದ್ದೆ. ಕೈಗೆ ಕಟ್ಟು ಹಾಕಿಸಿಕೊಂಡು ಅವರು ಕೋರ್ಟಿನ ಅಂಗಳದಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದರು: ಚರ್ಮ ಹಾಕುತ್ತೇನೆಂದು ಹೇಳಿ ಬಟ್ಟೆ ತುರುಕಿದ. ಊರಲ್ಲಿ ಕಾರು, ಲಾರಿ ಇದ್ದವರು ಬೆರಳೆಣಿಕೆಯ ಮಂದಿ, ಎಲ್ಲರಿಗೂ ಆ ಅಂಗಳದಲ್ಲಿ ಕೆಲಸ. ಮಳೆಗಾಲ ಮುಗಿಯುವಷ್ಟರಲ್ಲಿ ಅವನ ಜೋಪಡಿಯ ಬಾಗಿಲಿಗೆ ತಡಿಕೆ ಕಟ್ಟಿತ್ತು. ಅವನು ಬಂದು ಒಮ್ಮೆಯೂ ನಮ್ಮನ್ನು ಪ್ರಶ್ನಿಸಲಿಲ್ಲ. ಅವನು ತಪ್ಪಿತಸ್ಥನೇ ಇರಬೇಕು ಎಂದುಕೊಳ್ಳಲು ನನಗೆ ಅದೊಂದು ಆಧಾರವಾಗಿತ್ತು. ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ಕಾಲೇಜಿನಲ್ಲಿ ಕಲಿತಿದ್ದೆನಲ್ಲ.

ಆ ನಂಬಿಕೆ ಬಹಳ ದಿನ ನಿಲ್ಲಲಿಲ್ಲ. ಆಗ ತಾಯಿಯ ಮೇಲೆ ಹೊರಿಸಿದೆ. ತಾಯಿಯೇ ಚರ್ಮ ಬೇಡವೆಂದು ಹಟ ಹಿಡಿದಳು, ನಾನೇನು ಮಾಡಲಿ, ಎಂದು ಒಬ್ಬಿಬ್ಬರು ಗೆಳೆಯರಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅವಳು ಹಾಗೆಂದ ಜಾಗವೂ ನೆನಪಿಗೆ ಬಂತು: ತುಳಸಿಕಟ್ಟೆಯ ಪಕ್ಕ, ಕೈಯಲ್ಲಿ ತಂಬಿಗೆ. ಒಂದು ದಿನ ಅವಳ ಮುಂದೆಯೇ ಆ ಮಾತು ತೆಗೆದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿದಳು.

"ಗಾಲಿಯೊಳಗ ಏನಿರತದ ನನಗೇನು ಗೊತ್ತೋ? ನಾ ಯಾವಾಗ ಅಂದೆ?" ಅಂದಳು. ಆಮೇಲೆ ನಗುತ್ತಲೇ, "ಕಾರಿನ ಸೀಟು ಚರ್ಮದ್ದೇ ಅಲ್ಲೇನೋ, ಶಾಣ್ಯಾ? ಧಾವಳಿ ಹಾಸಿಕೊಂಡು ಕುಂದರತಿದ್ದೆ. ಹೊಳಿಗೆ ಹೋಗಿ ಮತ್ತ ಸ್ನಾನಾ ಮಾಡತಿದ್ದೆ."

ಆ ಸೀಟಿನ ಮೇಲೆ ನಾನು ಎಷ್ಟು ಸಾರಿ ಕೂತಿದ್ದೆ. ಮಡಿಗೆ ಉಡುವ ಉಣ್ಣೆಯ ಧಾವಳಿಯನ್ನು ಅವಳು ಅದರ ಮೇಲೆ ಹಾಸುವುದನ್ನು ಕಣ್ಣಾರೆ ನೋಡಿದ್ದೆ. ಅವಳ ಮಡಿಗೆ ಅವಳದೇ ಉಪಾಯವಿತ್ತು. ನಾನು ಕಾಪಾಡಲು ಹೊರಟಿದ್ದು ಅವಳ ಮಡಿಯನ್ನಲ್ಲ.

ಟೈರಿನವನು ಕಂಪ್ಲಿಯಲ್ಲಿದ್ದಾನೆಂದು ಕೇಳಿ ಒಂದು ಸಂತೆಯ ದಿನ ಹೋದೆ. ಹಳೆಯ ಟೈರು ಕತ್ತರಿಸಿ ಚಪ್ಪಲಿ ಮಾಡಿ, ಗೋಣಿಯ ಮೇಲೆ ಹರವಿಕೊಂಡು ಕೂತಿದ್ದ. ಗುರುತು ಹಿಡಿದ. ಗಿರಾಕಿಯೆಂದುಕೊಂಡು ಒಂದು ಜೋಡಿ ಮುಂದಿಟ್ಟ. ನಾನು ನಿಂತೇ ಎಲ್ಲ ಹೇಳಿದೆ: ಸಪ್ಪಳ, ಮಡಿ, ತಂದೆಗೆ ಕೊಟ್ಟ ಉತ್ತರ. ಅವನು ಕೇಳುತ್ತ ಬಾರಿಗೆ ಮೊಳೆ ಹೊಡೆಯುವುದನ್ನು ಮುಗಿಸಿದ.

"ನನಗ್ಯಾಕ ಹೇಳತೀರಿ ಸ್ವಾಮಿ, ನನಗ ಅವತ್ತ ಗೊತ್ತಿತ್ತು," ಎಂದ. "ಹೇಳೋದಾದ್ರ ನಿಮ್ಮ ತಂದಿಯವರಿಗೆ ಹೇಳ್ರಿ."

ಮನೆಗೆ ಬಂದಾಗ ತಂದೆ ಪಡಸಾಲೆಯಲ್ಲಿ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಎದುರಿಗೆ ಕೂತೆ. ಆ ಟೈರಿನ ವಿಷಯ, ಎಂದು ಶುರು ಮಾಡಿದೆ. ಯಾವ ಟೈರು ಎಂದರು. ಮುಂದೆ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ಎಲ್ಲವನ್ನೂ ಹೇಳುತ್ತೇನೆ. ಅವರು ಪೆನ್ನು ಕೆಳಗಿಡುತ್ತಾರೆ. ಇನ್ನೊಂದರಲ್ಲಿ ಕಂಪ್ಲಿಯ ಭತ್ತದ ಬೆಳೆ ಈ ಸಲ ಹೇಗಿದೆ ಎಂದು ಹೇಳುತ್ತೇನೆ. ಮೊದಲನೆಯದೇ ಹೆಚ್ಚು ಸ್ಪಷ್ಟವಾಗಿದೆ. ತುಳಸಿಕಟ್ಟೆಯ ತಂಬಿಗೆಯಷ್ಟೇ ಸ್ಪಷ್ಟ.

ಆಮೇಲಿನ ಬೇಸಿಗೆಯಲ್ಲಿ ಆ ಜೋಡಿಯ ಇನ್ನೊಂದು ಟೈರೂ ಸವೆಯಿತು. ಆಗ ತಂದೆ ಹೇಳಿದ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ, ಅದನ್ನು ತಾಯಿಯೂ ಕೇಳಿದ್ದಾಳೆ.

"ಈ ಸಲ ಮರಿಯಮ್ಮನಹಳ್ಳಿಯಾಗ ನೋಡು. ಅಂಥಾ ಮೋಸಗಾರನ ಹತ್ರ ಹೋಗಬ್ಯಾಡ."

ಆಗಲಿ ಎಂದೆ.