ಕೆಂಪು ದಾರದ ಬೋಗುಣಿ

ನಮ್ಮ ಮನೆಯವರು ಉಂಡು ಏಳುವುದನ್ನು ಹೊಸಬರು ಯಾರಾದರೂ ನೋಡಿದರೆ ಸಿಟ್ಟಿನಿಂದ ಎದ್ದು ಹೋದರೆಂದೇ ತಿಳಿಯುತ್ತಾರೆ. ಚೆನ್ನಾಗಿತ್ತು ಎನ್ನುವುದಿಲ್ಲ, ಉಪ್ಪು ಕಡಿಮೆ ಎನ್ನುವುದೂ ಇಲ್ಲ. ಕೈ ತೊಳೆದು ಟವೆಲ್ಲಿಗೆ ಒರೆಸಿಕೊಂಡು ಹೊರಟೇಬಿಡುತ್ತಾರೆ. ಮದುವೆಯಾದ ಹೊಸತರಲ್ಲಿ ಇದೇ ಕಾರಣಕ್ಕೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಇಂಡಿ ಊರಿನ ಕನ್ನಡ ಶಾಲೆಯಲ್ಲಿ ನಲವತ್ತು ಮಕ್ಕಳ ಬಾಯಿ ಮುಚ್ಚಿಸುವವಳು ನಾನು. ಇವರ ಬಾಯಿ ತೆರೆಸುವುದು ಮಾತ್ರ ನನ್ನಿಂದ ಆಗಲಿಲ್ಲ. ಮೂರನೆಯ ದಿನ ಅವರಾಗಿಯೇ ದೋನ್ಯಾ ಕೂಕಾ ಅವರ ಕತೆ ಹೇಳಿದರು. ಆಮೇಲೆ ನಾನು ಮಾತು ಬಿಡಲಿಲ್ಲ.

ಇವರ ಹೆಸರು ಬಸಂತರಾಯ ಬಿರಾದಾರ, ಊರು ಸಾಲೋಟಗಿ. ಗಂಡನ ಹೆಸರನ್ನು ಬಾಯಿಂದ ಹೇಳಬಾರದೆಂದು ಅತ್ತೆಯವರ ಕಟ್ಟಪ್ಪಣೆ. ಬರೆಯಬಾರದೆಂದು ಅವರು ಹೇಳಿಲ್ಲ. ಧಾರವಾಡದಲ್ಲಿ ಕೃಷಿ ಓದಿದ ಇವರಿಗೆ ಜೋಳದ ತಳಿಗಳ ಬಗ್ಗೆ ಕಲಿಯಲು ಮೆಕ್ಸಿಕೊ ದೇಶದ ವಿದ್ಯಾರ್ಥಿವೇತನ ಸಿಕ್ಕಿತು. ೧೯೭೪ರ ಮಾರ್ಚಿನಲ್ಲಿ ಸೆಲಾಯ ಎಂಬ ಊರಿಗೆ ಹೋಗಿ ಇಳಿದರು. ಬಿಸಿಲು, ಧೂಳು, ಆಡಿನ ಹಿಂಡು, ಹೊಲದ ತುಂಬ ಜೋಳ. ಇಷ್ಟು ದೂರ ಬಂದು ಮತ್ತೆ ಇಂಡಿ ಸ್ಟೇಶನ್ನಿನಲ್ಲೇ ಇಳಿದೆನೇನೋ ಅನ್ನಿಸಿತಂತೆ.

ಇರಲು ಕೋಣೆ ಸಿಕ್ಕಿದ್ದು ದೋನ್ಯಾ ಕೂಕಾ ಅವರ ಮನೆಯಲ್ಲಿ. ದೋನ್ಯಾ ಎಂದರೆ ಅಲ್ಲಿ ಹಿರಿಯ ಹೆಂಗಸರಿಗೆ ಕೊಡುವ ಮರ್ಯಾದೆ, ನಮ್ಮಲ್ಲಿ ಅವ್ವಾರು ಎನ್ನುವ ಹಾಗೆ. ಅರವತ್ತರ ವಿಧವೆ, ಹಿತ್ತಲಲ್ಲಿ ಏಳು ಆಡು. ಪಕ್ಕದ ಕೋಣೆಯಲ್ಲಿ ಇವರ ಕಾಲೇಜಿನವನೇ ಆದ ರಮೀರೊ ಎಂಬ ಹುಡುಗ. ಅವರೆಲ್ಲ ಸ್ಪ್ಯಾನಿಶಿನಲ್ಲಿ ಆಡಿದ್ದನ್ನು ಇವರು ನನಗೆ ಸಾಲೋಟಗಿಯ ಮಾತಿನಲ್ಲೇ ಹೇಳುತ್ತಾರೆ. ಹಾಗಾಗಿ ನನ್ನ ಮಟ್ಟಿಗೆ ದೋನ್ಯಾ ಕೂಕಾ ಇಂಡಿ ತಾಲ್ಲೂಕಿನವರೇ.

"ನಿಮ್ಮೂರಾಗ ಏನ್ ಉಣ್ತೀರಿ?" ಎಂದು ಅವರು ಮೊದಲ ದಿನವೇ ಕೇಳಿದರು.

"ಜೋಳದ ರೊಟ್ಟಿರಿ."

"ಅಯ್ಯ ನನ್ನಪ್ಪ! ಅದು ದನದ ಮೇವಲ್ಲೋ!"

ಆ ಊರಿನಲ್ಲಿ ಜೋಳ ದನಕ್ಕೆ, ಗೋವಿನಜೋಳ ಎಂದರೆ ಮೆಕ್ಕೆಜೋಳ ಮನುಷ್ಯರಿಗೆ. ಪಾಪ, ಈ ಹುಡುಗ ಮೇವು ತಿಂದು ಬೆಳೆದವನೆಂದು ಆ ತಾಯಿಗೆ ಕರುಳು ಚುರ್ ಎಂದಿತು. ಅಲ್ಲಿಯವರು ಕಾಳು ಬೇಯಿಸುವುದು ಹಂದಿಯ ಕೊಬ್ಬಿನಲ್ಲಿ. ಇವರು ಲಿಂಗ ಕಟ್ಟಿದವರು, ಅದನ್ನು ಮುಟ್ಟುವುದಿಲ್ಲ. ದೋನ್ಯಾ ಕೂಕಾ ಯಾಕೆ ಏನು ಎಂದು ಕೇಳಲಿಲ್ಲ. ಒಂದು ನೀಲಿ ಬೋಗುಣಿಯ ಹಿಡಿಕೆಗೆ ಕೆಂಪು ದಾರ ಕಟ್ಟಿ, "ಇದು ಇಂದೂನದು, ಯಾರೂ ಮುಟ್ಟಬ್ಯಾಡ್ರಿ" ಎಂದರು. ಹಿಂದೂಸ್ತಾನದವನಿಗೆ ಅವರಿಟ್ಟ ಹೆಸರು ಅದು. ದಿನಾ ಬೆಳಿಗ್ಗೆ ಆ ಬೋಗುಣಿಯಲ್ಲಿ ಕಾಳು ಬೇರೆಯಾಗಿ ಬೆಂದವು.

ಇವರು ಉಂಡರು, ಕೈ ತೊಳೆದರು, ಹೊರಟರು.

ಊರಿನ ಉಳಿದ ರೀತಿಗಳನ್ನೆಲ್ಲ ಕಲಿತರು. ಭಾನುವಾರ ಸಂಜೆ ಊರ ನಡುವಿನ ತೋಟದಲ್ಲಿ ಹುಡುಗರು ಒಂದು ದಿಕ್ಕಿಗೆ, ಹುಡುಗಿಯರು ಎದುರು ದಿಕ್ಕಿಗೆ ಸುತ್ತು ಹಾಕುತ್ತಾರಂತೆ. ಮೊದಲ ವಾರ ಈ ಮಹಾಶಯರು ಹುಡುಗಿಯರ ಸಾಲಿನಲ್ಲೇ ಎರಡು ಸುತ್ತು ಹಾಕಿದರು. ಗೊತ್ತಾಗಲಿಲ್ಲ ಎನ್ನುತ್ತಾರೆ, ನಾನೇನೂ ನಂಬಿಲ್ಲ. ಯಾರದಾದರೂ ಮನೆಗೆ ಹೋದರೆ ಕೂತವರೆಲ್ಲರ ಕೈ ಒಬ್ಬೊಬ್ಬರದಾಗಿ ಕುಲುಕಬೇಕು, ಹೊರಡುವಾಗ ಮತ್ತೆ ಅಷ್ಟೂ ಜನರದು. ಬಸ್ಸಿನಲ್ಲಿ ಜಾಗ ಬಿಟ್ಟವರಿಗೆ, ಅಂಗಡಿಯವನಿಗೆ, ದಾರಿ ತೋರಿಸಿದವರಿಗೆ ಗ್ರಾಸಿಯಾಸ್ ಎನ್ನಬೇಕು. ಧನ್ಯವಾದ ಎಂದು ಅರ್ಥ. ಇವರು ಊರಿಗೆಲ್ಲ ಅದನ್ನು ಹಂಚಿದರು. ದೋನ್ಯಾ ಕೂಕಾ ಒಬ್ಬರಿಗೆ ಮಾತ್ರ ಒಮ್ಮೆಯೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಇವರಿಗೆ ವಿಷಮಶೀತ ಜ್ವರ ಬಂತು. ಒಂಬತ್ತು ದಿನ ದೋನ್ಯಾ ಕೂಕಾ ಹಣೆಗೆ ಒದ್ದೆ ಬಟ್ಟೆ ಹಾಕಿದರು, ಗಂಜಿ ಕುಡಿಸಿದರು, ದೇವಮಾತೆಗೆ ಮೇಣದಬತ್ತಿ ಹಚ್ಚಿದರು. ಹತ್ತನೆಯ ದಿನ ಜ್ವರ ಬಿಟ್ಟಿತು. ಕೈಕಾಲಿಗೆ ಶಕ್ತಿ ಬಂದ ಮೇಲೆ ಇವರು ಎದ್ದು ಕಾಳು ರೊಟ್ಟಿ ಉಂಡು ಕಾಲೇಜಿಗೆ ಹೋದರು. ಎಂದಿನಂತೆ, ಒಂದು ಮಾತೂ ಇಲ್ಲದೆ.

ಮುಂದಿನ ತಿಂಗಳು ರಮೀರೊ ಇವರನ್ನು ಹೊರಗೆ ಕರೆದು, "ಈ ತಿಂಗಳು ಮುಗಿಯೂದ್ರಾಗ ನೀ ಬ್ಯಾರೆ ಖೋಲಿ ನೋಡ್ಕೋಬೇಕಂತ" ಎಂದ.

"ಯಾಕ? ನಾ ಏನ್ ಮಾಡೀನಿ?"

"ಏನೂ ಮಾಡಿಲ್ಲ, ಅದಕ್ಕ. ಏಳು ತಿಂಗಳಾತು, ದೋನ್ಯಾ ಕೂಕಾಗ ಒಂದು ಗ್ರಾಸಿಯಾಸ್ ಅಂದಿಲ್ಲ. ಸತ್ತು ಬದುಕಿದ ಮ್ಯಾಲೂ ಅಂದಿಲ್ಲ. ನನ್ನ ಕೆಲಸದಾಕಿ ಅಂತ ತಿಳಿದಾನ ಅಂತ ಅಳಾಕತ್ತಾಳ."

"ಹೊರಗಿನವರಿಗೆ ಹೇಳೂ ಮಾತಲ್ಲೇನೋ ಅದು? ಮನ್ಯಾಗ ಹಡೆದವ್ವಗ ಯಾರರ ಹೇಳ್ತಾರೇನು?"

"ಹಂಗಂತ ಅಕಿಗೆ ಹೇಳು. ಇಲ್ಲಂದ್ರ ಒಂದ್ಸಲ ಗ್ರಾಸಿಯಾಸ್ ಅಂದುಬಿಡು, ಮುಗೀತು."

ಅಂದುಬಿಡಬಹುದಿತ್ತು. ಆದರೆ ಬಿರಾದಾರ ಮನೆತನದ ಹಟ ನನಗೆ ಚೆನ್ನಾಗಿ ಗೊತ್ತು. ಹೋಗೆಂದ ಮೇಲೆ ಆ ಮಾತು ಆಡಿದರೆ ಕೋಣೆಗಾಗಿ ಆಡಿದಂತಾಗುತ್ತದೆ ಎಂದು ಇವರು ತುಟಿ ಬಿಗಿದುಕೊಂಡರು. ಟ್ರಂಕಿನಲ್ಲಿ ಬಟ್ಟೆ ಮಡಚಿಟ್ಟರು. ಬೋಗುಣಿಯಲ್ಲಿ ಕಾಳು ಆಗಲೂ ಬೇರೆಯಾಗಿಯೇ ಬೇಯುತ್ತಿತ್ತು. ಬಡಿಸುವವರು ಮಾತ್ರ ಮುಖ ನೋಡುತ್ತಿರಲಿಲ್ಲ. ಕೋಣೆ ಎಲ್ಲಾದರೂ ಸಿಗುತ್ತಿತ್ತು. ಆ ಮನೆಯ ಮಗನಾಗಿದ್ದೇನೆಂದು ನಂಬಿ ಕೂತಿದ್ದರಲ್ಲ, ಅದು ಹೋಗುವುದರಲ್ಲಿತ್ತು.

ಅಷ್ಟರಲ್ಲಿ ಸಾಲೋಟಗಿಯಿಂದ ನಮ್ಮ ಅತ್ತೆ ಸಿದ್ದಲಿಂಗವ್ವನವರು ಬರೆಸಿದ ಕಾಗದ ಬಂತು. ದಸರೆ ಯಾವ ದಿನವೆಂದು ತಿಳಿಸಿ, "ಅಲ್ಲಿ ಬನ್ನಿ ಗಿಡ ಇದ್ರ ಹಿರ್‍ಯಾರಿಗೆ ಬನ್ನಿ ಕೊಡೂದು ಮರೀಬ್ಯಾಡ" ಎಂದು ಬರೆಸಿದ್ದರು. ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ಹಿರಿಯರ ಕಾಲಿಗೆ ಬೀಳುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತಾಡಲೇಬೇಕು. ಹಿಂದಿನ ಜಗಳ ಎತ್ತುವಂತಿಲ್ಲ.

ಹಬ್ಬದ ದಿನ ಇವರು ಕಾಲೇಜಿನ ಹೊಲದಿಂದ ಬರುವಾಗ ಬದುವಿನ ಮೇಲಿನ ಒಂದು ಮುಳ್ಳಿನ ಗಿಡದ ಕೆಳಗೆ ಆಡುಗಳು ನಿಂತಿದ್ದವು. ಅಲ್ಲಿಯವರು ಅದನ್ನು ಮೆಸ್ಕೀತೆ ಎನ್ನುತ್ತಾರೆ. ಎಲೆ ನೋಡಿದರೆ ನಮ್ಮ ಬನ್ನಿಯ ಒಡಹುಟ್ಟಿನಂತಿತ್ತು. ಒಂದು ಟೊಂಗೆ ಮುರಿದುಕೊಂಡು, ಕೈಯೆಲ್ಲ ತರಚಿಸಿಕೊಂಡು, ಇವರು ನೆಟ್ಟಗೆ ಅಡುಗೆಮನೆಗೆ ನಡೆದರು. ದೋನ್ಯಾ ಕೂಕಾ ಒಲೆಯ ಮುಂದಿದ್ದರು. ಅವರ ಕೈಯಲ್ಲಿ ಒಂದು ಹಿಡಿ ಎಲೆ ಇಟ್ಟು ಕಾಲಿಗೆ ಬಿದ್ದರು.

ದೋನ್ಯಾ ಕೂಕಾ ಕಿಟಾರನೆ ಕಿರುಚಿದರು. "ರಮೀರೊ! ಓಡಿ ಬಾರೋ! ಇಂದೂಗ ಮತ್ತ ಜ್ವರ ಬಂದು ಬಿದ್ದಾನ!"

ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಕೈಯಲ್ಲಿದ್ದುದನ್ನು ನೋಡಿದರು. "ಇದೇನಿದು? ಇದು ನನ್ನ ಆಡು ತಿನ್ನೂ ಸೊಪ್ಪು!"

"ನಮ್ಮೂರಾಗ ಇವತ್ತ ಇದು ಬಂಗಾರರಿ. ಮೊದಲ ಅವ್ವಗ ಕೊಡ್ತೇವಿ, ಆಮ್ಯಾಲ ಉಳಿದವರಿಗೆ."

"ನಿಮ್ಮವ್ವ ಊರಾಗ ಅದಾಳ."

"ಹೌದ್ರಿ. ಇಲ್ಲಿ ನೀವ ಅದೀರಿ."

ಅವರು ಎಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು. "ಮತ್ತ ಒಂದು ದಿನರ ಗ್ರಾಸಿಯಾಸ್ ಅನ್ನಲಿಲ್ಲಲ್ಲೋ?"

"ನಮ್ಮ ಕಡೆ ಅವ್ವಗ ಹಂಗ ಅನ್ನೂದಿಲ್ರಿ. ಅಂದ್ರ, ನೀ ಹೊರಗಿನಾಕಿ ಅಂದಂಗ ಆಕ್ಕೈತಿ."

ದೋನ್ಯಾ ಕೂಕಾ ಸೆರಗಿಲ್ಲದ್ದಕ್ಕೆ ಅಂಗೈಯಿಂದಲೇ ಕಣ್ಣು ಒರೆಸಿಕೊಂಡರು. ಒಲೆಯ ಕಡೆ ತಿರುಗಿ ರೊಟ್ಟಿ ಮಗುಚಿದರು. "ಹೋಗು, ಟ್ರಂಕ್ ಬಿಚ್ಚು. ಕಾಳು ಆರಾಕತ್ತಾವ" ಎಂದರು.

ಅಂದಿನಿಂದ ಇವರಿಗೆ ಸುಖ ಹೆಚ್ಚಾಯಿತು ಎಂದುಕೊಂಡರೆ ತಪ್ಪು. ಹಾಲು ಕರೆಯುವಾಗ ಆಡು ಹಿಡಿಯುವುದು, ಸಂತೆಯಿಂದ ಮೂಟೆ ಹೊರುವುದು, ತಲೆಗೂದಲು ಬೆಳೆದಿದ್ದಕ್ಕೆ ಬೈಸಿಕೊಳ್ಳುವುದು ಎಲ್ಲ ಶುರುವಾಯಿತು. ರಮೀರೊ ಬಾಡಿಗೆಯವನಾಗಿಯೇ ಉಳಿದು ಆರಾಮಾಗಿದ್ದ.

ಮುಂದಿನ ವರ್ಷ ಡಿಸೆಂಬರಿನಲ್ಲಿ ಇವರು ಊರಿಗೆ ಹೊರಟರು. ಬಸ್ ನಿಲ್ದಾಣಕ್ಕೆ ದೋನ್ಯಾ ಕೂಕಾ ಬಂದಿದ್ದರು. ಎಷ್ಟಾದರೂ ಅವರ ನಾಡು, ಅವರ ರೀತಿ. ಹೊರಡುವಾಗಲಾದರೂ ಅವರಿಗೆ ಬೇಕಾಗಿದ್ದ ಮಾತು ಹೇಳೋಣವೆಂದು ಇವರು ರಮೀರೊನಿಂದ ನಾಲ್ಕು ಸಾಲು ಬರೆಸಿ ಬಾಯಿಪಾಠ ಮಾಡಿದ್ದರು. ಗ್ರಾಸಿಯಾಸ್ ಎಂದು ಶುರು ಮಾಡುವಷ್ಟರಲ್ಲಿ ದೋನ್ಯಾ ಕೂಕಾ ಇವರ ಬಾಯಿಯ ಮೇಲೆ ಕೈ ಇಟ್ಟರು.

"ಇಷ್ಟು ದಿನ ಬಿಟ್ಟು ಇವತ್ತ ನನ್ನ ಹೊರಗಿನಾಕಿ ಮಾಡಿ ಹೊಂಟೀಯೇನೋ?"

ಇವರು ಒಂದು ಮಾತೂ ಆಡದೆ ಬಸ್ ಹತ್ತಿದರು. ಕಿಟಕಿಯಿಂದ ಅವರು ಒಂದು ಗಂಟು ಒಳಗೆ ತುರುಕಿದರು. ಬಿಚ್ಚಿ ನೋಡಿದರೆ ನೀಲಿ ಬೋಗುಣಿ.

ಈಗ ೧೯೭೯. ಆ ಬೋಗುಣಿ ನಮ್ಮ ಅಡುಗೆಮನೆಯಲ್ಲಿದೆ, ಮಡಿಕೆ ಕಾಳಿನ ಪಲ್ಯ ಅದರಲ್ಲೇ ಆಗಬೇಕು. ಹೋದ ತಿಂಗಳು ಹಿಡಿಕೆಯ ದಾರ ಹರಿದು ಬಿತ್ತು. ನಾನು ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಕೆಂಪು ಎಳೆ ತೆಗೆದು, ಹೊಸೆದು, ಮೊದಲಿನಂತೆಯೇ ಮೂರು ಸುತ್ತು ಕಟ್ಟಿದೆ. ಮಧ್ಯಾಹ್ನ ಇವರು ಊಟಕ್ಕೆ ಕೂತಾಗ ಅದು ಕಣ್ಣಿಗೆ ಬಿತ್ತು. ಹಿಡಿಕೆಯ ದಾರದ ಮೇಲೆ ಬೆರಳಾಡಿಸಿದರು. ಆಮೇಲೆ ಉಂಡರು, ಕೈ ತೊಳೆದರು, ನನಗೆ ಏನೂ ಹೇಳದೆ ಹೊಲಕ್ಕೆ ಹೋದರು.