ನೀರಿನ ಗೂಡಿಗೆ ಬೆಚ್ಚನೆಯ ಗಾಳಿ

ಸಿಂಗಪುರದ ಟ್ಯಾಂಪಿನೀಸ್‌ನ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿಗಳನ್ನೆಲ್ಲ ತೆರೆದು, ಫ್ಯಾನನ್ನು ಜೋರಾಗಿ ತಿರುಗಿಸಿ, ಬೆವರು ಒರೆಸಿಕೊಳ್ಳುತ್ತ ನಾವು ಚಳಿಗಾಲಕ್ಕೆ ಸಿದ್ಧತೆ ಮಾಡಿಕೊಂಡೆವು. ಜೂನ್ ರಜೆಗೆ ನ್ಯೂಜಿಲೆಂಡಿಗೆ ಹೋಗುವುದು, ಅಲ್ಲೊಂದು ಮೋಟರ್‌ಹೋಮ್ ಬಾಡಿಗೆಗೆ ಹಿಡಿದು, ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಊರೂರು ತಿರುಗುವುದು ಎಂದು ನಮ್ಮ ಯಜಮಾನರು ತೀರ್ಮಾನಿಸಿದ್ದರು. ಸಿಂಗಪುರದ ಶಾಲೆಗಳಿಗೆ ಜೂನಿನಲ್ಲಿ ರಜೆ. ನ್ಯೂಜಿಲೆಂಡಿನಲ್ಲಿ ಆಗ ಕೊರೆಯುವ ಚಳಿ. ಮಗಳಿಗೆ ಹಿಮ ಕಾಣುವ ಆಸೆ, ಯಜಮಾನರಿಗೆ ಗಾಡಿ ಓಡಿಸುವ ಆಸೆ. ನನಗೆ ಇಬ್ಬರ ಆಸೆಗೂ ಸ್ವೆಟರ್ ಹೊಂದಿಸುವ ಕೆಲಸ.

ನಮ್ಮ ಜೊತೆಗೇ ಇರುವ ಅತ್ತೆಯನ್ನು ಒಪ್ಪಿಸುವುದೊಂದು ಬಾಕಿ ಇತ್ತು. ಎಪ್ಪತ್ತು ದಾಟಿದ್ದರೂ ಓಡಾಟಕ್ಕೆ ಹಿಂದೆ ಬೀಳುವವರಲ್ಲ. ಆದರೆ ಅವರ ಬೆಳಗಿಗೆ ಒಂದು ಕ್ರಮವಿದೆ. ಎದ್ದ ಮೇಲೆ ಸ್ನಾನ, ಸ್ನಾನವಾದ ಮೇಲೆ ದೀಪ, ದೀಪ ಹಚ್ಚಿದ ಮೇಲೆ ತಿಂಡಿ. ಸ್ನಾನಕ್ಕೆ ಮುಂಚೆ ಒಂದು ಗುಟುಕು ಕಾಫಿಯೂ ಗಂಟಲಿಗಿಳಿಯುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ರಾತ್ರಿ ಇನ್ಸುಲಿನ್ ಹಾಕಿಕೊಂಡು ಮಲಗುತ್ತಾರೆ. ಹಾಗಾಗಿ ಬೆಳಗಿನ ತಿಂಡಿ ತಡವಾದರೆ ಸಕ್ಕರೆ ಇಳಿದು ಕೈ ನಡುಗಲು ಶುರುವಾಗುತ್ತದೆ. ಇನ್ನೂ ತಡವಾದರೆ ಕಣ್ಣು ಕತ್ತಲಿಡುತ್ತದೆ. ಸ್ನಾನದ ನೀರು ನಿಂತರೆ ಅವರ ತಿಂಡಿಯೂ ನಿಂತ ಹಾಗೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ನಾನು ಬರ್ತೀನಿ ಕಣೋ," ಎಂದರು ಅತ್ತೆ ಮಗನಿಗೆ. "ಆದ್ರೆ ದಿನಾ ಬೆಳಗ್ಗೆ ತಲೆ ಮೇಲೆ ಬಿಸಿನೀರು ಬೀಳ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ನಾನು ಪಕ್ಕದ ಬ್ಲಾಕ್ ಆಂಟಿ ಜೊತೆ ಪಾಸಿರ್ ರಿಸ್ ಬೀಚಲ್ಲಿ ಆರಾಮಾಗಿ ಕೂತಿರ್ತೀನಿ."

"ದಿನಾ ಬೀಳುತ್ತಮ್ಮ, ಪ್ರಾಮಿಸ್. ಗಾಡಿ ಒಳಗೇ ಶವರ್ ಇದೆ."

"ಶವರ್ ಇರುತ್ತೆ. ಅದ್ರಲ್ಲಿ ನೀರು ಇರುತ್ತಾ?"

ಅತ್ತೆ ಹೇಳಿ ಮರೆತರು. ಆ ಮಾತು ನಮ್ಮ ಯಜಮಾನರ ತಲೆಯಲ್ಲಿ ಕೂತುಬಿಟ್ಟಿತು. ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಇವರು ಮನೆಗೆ ಬಂದ ಮೇಲೆ ಊಟಕ್ಕೆ ಕೂತರೂ ಫೋನಿನಲ್ಲಿ ಮೋಟರ್‌ಹೋಮಿನ ಚಿತ್ರಗಳನ್ನೇ ನೋಡುತ್ತಿದ್ದರು. ಅಂಥ ಗಾಡಿಯಲ್ಲಿ ಸೀಟಿನ ಕೆಳಗೆ, ಹಾಸಿಗೆಯ ಕೆಳಗೆ ಗೂಡುಗಳಿರುತ್ತವೆ. ಒಂದರಲ್ಲಿ ನೀರಿನ ಟ್ಯಾಂಕು, ಪಂಪು. ಇನ್ನೊಂದರಲ್ಲಿ ನಮ್ಮ ಪೆಟ್ಟಿಗೆಗಳು. ಅವುಗಳ ನಡುವೆ ಬೆರಳು ದಪ್ಪದ ನೀರಿನ ಪೈಪು. ರಾತ್ರಿ ಈ ಗೂಡುಗಳು ತಣ್ಣಗಾದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಏನೂ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ಇವರು ಬ್ಲಾಕಿನ ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕಪ್ಪು ಫೋಮಿನ ಉದ್ದುದ್ದ ಕೊಳವೆಗಳನ್ನು ತಂದರು. ಇಲ್ಲಿ ಪ್ರತಿ ಮನೆಯ ಏಸಿ ಪೈಪಿನ ಮೇಲೂ ಅದೇ ಫೋಮಿರುತ್ತದೆ. ಅದಿಲ್ಲದಿದ್ದರೆ ತಣ್ಣನೆಯ ಪೈಪು ಬೆವರಿ ಗೋಡೆಯೆಲ್ಲ ಒದ್ದೆಯಾಗುತ್ತದೆ. ತಂಪನ್ನು ಒಳಗೆ ಹಿಡಿದಿಡುವ ಫೋಮು ಬಿಸಿಯನ್ನೂ ಹಿಡಿದಿಡಬೇಕಲ್ಲ ಎಂದು ಇವರ ಲೆಕ್ಕ.

ಚಳಿಯೇ ಇಲ್ಲದ ಊರಿನಲ್ಲಿ ಚಳಿಯ ಪರೀಕ್ಷೆ ಮಾಡುವುದಾದರೂ ಎಲ್ಲಿ? ನನ್ನ ಫ್ರೀಜರಿನಲ್ಲಿ. ಎರಡು ತುಂಡು ಪೈಪಿಗೆ ನೀರು ತುಂಬಿ, ಬಾಯಿ ಬಿಗಿದು, ಒಂದಕ್ಕೆ ಫೋಮು ಸುತ್ತಿ, ಇನ್ನೊಂದನ್ನು ಹಾಗೇ ಬಿಟ್ಟು, ತುರಿದ ತೆಂಗಿನಕಾಯಿಯ ಡಬ್ಬಿಯನ್ನು ಆಚೆಗೆ ತಳ್ಳಿ ಅಲ್ಲಿಟ್ಟರು. ಮತ್ತೆ ಮತ್ತೆ ಬಾಗಿಲು ತೆರೆದು ನೋಡಿದ್ದೇ ನೋಡಿದ್ದು. ಸಂಜೆ ಅತ್ತೆ ಎರಡನ್ನೂ ತೆಗೆದು ಅಡುಗೆ ಕಟ್ಟೆಗೆ ಕುಟ್ಟಿದರು.

"ಎರಡೂ ಕಲ್ಲಾಗಿದೆಯಲ್ಲೋ!"

"ಫೋಮ್ ಹಾಕಿದ್ದು ಲೇಟಾಗಿ ಆಯ್ತಮ್ಮ."

"ಅಪ್ಪ, ಲೇಟಾಗಿ ಫೇಲ್ ಆದ್ರೂ ಫೇಲೇ ಲಾ," ಎಂದಳು ಇಲ್ಲೇ ಹುಟ್ಟಿ ಬೆಳೆದು, ಇಲ್ಲಿಯವರ ಹಾಗೇ ಮಾತಿನ ಕೊನೆಗೊಂದು 'ಲಾ' ಸೇರಿಸುವ ಮಗಳು.

ಮೂವರೂ ನಕ್ಕೆವು. ಇವರೂ ನಕ್ಕರು, ನಗುತ್ತಲೇ ಫೋಮನ್ನು ಪೆಟ್ಟಿಗೆಯ ಉದ್ದಕ್ಕೆ ಕತ್ತರಿಸತೊಡಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಇವರಲ್ಲಿ ನನಗೆ ಬಲು ಇಷ್ಟವಾದದ್ದು ಈ ಗುಣ. ನಾವು ನಗುವುದಕ್ಕೂ ಇವರು ಮಾಡುವ ಕೆಲಸಕ್ಕೂ ಸಂಬಂಧವೇ ಇರುವುದಿಲ್ಲ.

ನ್ಯೂಜಿಲೆಂಡಿಗೆ ಇಳಿದು ಗಾಡಿ ಕೈಗೆ ಬಂದ ದಿನ ನಾವೆಲ್ಲ ಶವರ್ ನೋಡಲು, ಒಲೆ ನೋಡಲು ಓಡಿದರೆ ಇವರು ಮಂಡಿಯೂರಿ ಸೀಟಿನ ಹಲಗೆ ಎತ್ತಿ ನೀರಿನ ಗೂಡಿಗೆ ತಲೆ ಹಾಕಿದರು. ಪೈಪಿಗೆ ಆದಿಯಿಂದ ಅಂತ್ಯದವರೆಗೆ ಫೋಮು ತೊಡಿಸಿದ ಮೇಲೆಯೇ ಗಾಡಿ ಹೊರಟಿದ್ದು. ಮೊದಲ ದಿನಗಳಲ್ಲಿ ಸಮುದ್ರದ ಬದಿಯಲ್ಲೇ ಇದ್ದೆವು. ಚಳಿ ಇತ್ತು, ನೀರು ಹೆಪ್ಪುಗಟ್ಟುವಷ್ಟಿರಲಿಲ್ಲ. ಪ್ರತಿ ಬೆಳಗ್ಗೆ ಬಿಸಿನೀರು ಬಂತು. ಗಾಡಿಯೊಳಗೆ ಬತ್ತಿ ಹಚ್ಚುವುದು ಬೇಡವೆಂದು ಅತ್ತೆ ಬ್ಯಾಟರಿ ದೀಪಕ್ಕೇ ಕೈ ಮುಗಿದು, ತಿಂಡಿ ತಿಂದು, "ಪರವಾಗಿಲ್ಲ ಕಣೋ ನಿನ್ನ ಮನೆಗಾಡಿ," ಎಂದು ಸರ್ಟಿಫಿಕೇಟು ಕೊಟ್ಟರು.

ಆಮೇಲೆ ಬೆಟ್ಟದ ಕಡೆ ತಿರುಗಿದೆವು. ಒಂದು ಸಂಜೆ ನಾವು ತಂಗಿದ್ದು ಬರೀ ಜಲ್ಲಿಕಲ್ಲಿನ ಬಯಲು. ಮೂಲೆಯಲ್ಲೊಂದು ಪಾಯಿಖಾನೆ ಬಿಟ್ಟರೆ ನಲ್ಲಿಯಿಲ್ಲ, ಕರೆಂಟಿಲ್ಲ, ಬೇರೆ ಗಾಡಿಯಿಲ್ಲ. ಸುತ್ತ ಬಿಳಿ ಬೆಟ್ಟಗಳು ಎಷ್ಟು ಹತ್ತಿರವಿದ್ದವೆಂದರೆ ಮಗಳು ಮುಟ್ಟಲು ಕಿಟಕಿಯಿಂದಲೇ ಕೈ ಚಾಚಿದಳು.

ಅವತ್ತು ಗಾಡಿಯ ಗ್ಯಾಸ್ ಹೀಟರ್ ಹಾಕಿದಾಗ ಇವರೊಂದು ವಿಷಯ ಪತ್ತೆ ಮಾಡಿದರು. ಬಿಸಿಗಾಳಿಯೆಲ್ಲ ನಮ್ಮ ಕಡೆಗೇ ಬರುತ್ತಿರಲಿಲ್ಲ. ನೀರಿನ ಗೂಡಿಗೊಂದು, ಸಾಮಾನಿನ ಗೂಡಿಗೊಂದು ಕಿಂಡಿಯಿದ್ದು, ಒಂದಷ್ಟು ಗಾಳಿ ಅವುಗಳೊಳಗೆ ನುಗ್ಗುತ್ತಿತ್ತು.

"ನೋಡಿಲ್ಲಿ, ಬಿಸಿಯೆಲ್ಲ ಡಬ್ಬದೊಳಗೆ ಹೋಗಿ ವೇಸ್ಟ್ ಆಗ್ತಿದೆ," ಎಂದರು.

ಸಿಂಗಪುರದಲ್ಲಿ ಏಸಿ ಹಾಕಿದ ಕೂಡಲೇ ನಮಗೆ ಮೊದಲು ಕಾಣುವುದು ಬಾಗಿಲ ಸಂದಿ. ಕಿಟಕಿ ಮುಚ್ಚು, ಬಾಗಿಲ ಕೆಳಗೆ ಕಾಲೊರೆಸು ತುರುಕು, ತಂಪು ಆಚೆ ಹೋಗದ ಹಾಗೆ ನೋಡಿಕೋ. ಅದು ಕೈಗೆ ಬಂದುಬಿಟ್ಟಿರುವ ಅಭ್ಯಾಸ. ಇವರು ಉಳಿದಿದ್ದ ಫೋಮನ್ನು ಎರಡು ಕಿಂಡಿಗೂ ಗಟ್ಟಿಯಾಗಿ ತುರುಕಿದರು. ಮುಂದೆ ಪೆಟ್ಟಿಗೆಗಳನ್ನು ಒತ್ತಾಗಿ ಇಟ್ಟೆವು. ಸ್ವಲ್ಪ ಹೊತ್ತಿಗೆಲ್ಲ ಒಳಗೆ ನಮ್ಮ ಟ್ಯಾಂಪಿನೀಸೇ ಬಂದ ಹಾಗಾಯಿತು. ಅತ್ತೆ ಶಾಲು ತೆಗೆದಿಟ್ಟರು. ನಾನು ಸಾಕ್ಸ್ ಬಿಚ್ಚಿದೆ. "ಸೂಪರ್ ಅಪ್ಪ," ಎಂದಳು ಮಗಳು.

ಬೆಳಗ್ಗೆ ಎದ್ದಾಗ ಕಿಟಕಿಯ ಹೊರಗೆ ಜಲ್ಲಿಯ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. ಅತ್ತೆ ಹೆಗಲಿಗೆ ಟವೆಲ್ ಹಾಕಿಕೊಂಡು ಶವರಿನ ಬಾಗಿಲು ತೆರೆದರು. ಪಂಪು ಗುಂಯ್ ಎಂದಿತು. ನೀರು ಬರಲಿಲ್ಲ. ಅಡುಗೆ ಕಟ್ಟೆಯ ನಲ್ಲಿ ತಿರುಗಿಸಿದೆ, ಅಲ್ಲೂ ಇಲ್ಲ.

ಗಾಡಿ ತೆಗೆದುಕೊಂಡು ಊರಿಗೆ ಹೋಗೋಣವೆಂದರೆ ರಸ್ತೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಬಿಸಿಲು ಏರಿ ಅದರ ಮೇಲಿನ ಮಂಜುಗಡ್ಡೆ ಕರಗುವವರೆಗೆ ಹೊರಡುವ ಹಾಗಿರಲಿಲ್ಲ. ಗಾಡಿಯೊಳಗೆ ಕುಡಿಯಲು ಉಳಿದಿದ್ದದ್ದು ಒಂದು ಬಾಟಲಿ ನೀರು, ಒಂದು ಪ್ಯಾಕೆಟ್ ಹಾಲು.

"ಅತ್ತೆ, ಹಾಲು ಕಾಯಿಸ್ತೀನಿ, ಇವತ್ತೊಂದಿನ ಕುಡಿದ್ಬಿಡಿ," ಎಂದೆ.

"ತಡಿಯಮ್ಮ, ಅವನು ನೋಡ್ತಿದಾನಲ್ಲ," ಎಂದು ಟವೆಲಿನ ಸಮೇತ ಹಾಸಿಗೆಯ ಅಂಚಿಗೆ ಕೂತರು.

ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಇಳಿಯುವ ದಾರಿಯಲ್ಲಿತ್ತು. ಇವರಿಗೆ ತೋರಿಸಿದೆ. ಇವರು ಸೀಟಿನ ಹಲಗೆ ಎತ್ತಿ ಗೂಡಿನೊಳಗೆ ಕೈಯಿಟ್ಟರು. ತಕ್ಷಣ ಹಿಂದಕ್ಕೆ ಎಳೆದುಕೊಂಡರು.

"ಫ್ರೀಜರ್ ಥರ ಇದೆ. ನಾನೇ ಮಾಡಿದ್ದು," ಎಂದರು. "ಬಿಸಿ ವೇಸ್ಟ್ ಆಗ್ತಿರ್ಲಿಲ್ಲ, ಪೈಪನ್ನ ಕಾಯ್ತಿತ್ತು. ಫೋಮಿಗೆ ಅದರದ್ದೇ ಬಿಸಿ ಎಲ್ಲಿಂದ ಬರ್ಬೇಕು?"

ಅಷ್ಟೇ. ಗೊಣಗಲಿಲ್ಲ, ಗಾಡಿಯವರನ್ನು ಬೈಯಲಿಲ್ಲ, ನೀವಾದರೂ ಹೇಳಬಾರದಿತ್ತೇ ಎಂದು ನಮ್ಮ ಮೇಲೆ ಹಾಕಲಿಲ್ಲ. ಕಿಂಡಿಗಳ ಫೋಮು ಕಿತ್ತರು. ಪೆಟ್ಟಿಗೆಗಳನ್ನೆಲ್ಲ ಎತ್ತಿ ಹಾಸಿಗೆಗಳ ಮೇಲಿಟ್ಟರು. ಎರಡು ಗೂಡುಗಳ ಹಲಗೆಯನ್ನೂ ತೆರೆದಿಟ್ಟು ಹೀಟರನ್ನು ಪೂರ್ತಿ ತಿರುಗಿಸಿದರು. ಪೈಪಿಗೆ ತೊಡಿಸಿದ್ದ ಫೋಮನ್ನೂ ಸುಲಿದು ತೆಗೆದರು, ಬಿಸಿ ನೇರವಾಗಿ ತಾಗಲಿ ಎಂದು. ಲೈಟರ್ ತರಲೇ ಎಂದು ಮಗಳು ಕೇಳಿದ್ದಕ್ಕೆ, "ಬೇಡ ಪುಟ್ಟಿ, ಪ್ಲಾಸ್ಟಿಕ್ ಪೈಪು, ಕರಗಿಹೋಗುತ್ತೆ," ಎಂದು ಮೆಲ್ಲಗೆ ಹೇಳಿದರು.

ಆಮೇಲೆ ಬಾಟಲಿ ನೀರನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟರು. "ಅಮ್ಮ, ಇದನ್ನ ಕಾಯಿಸ್ಕೊಡ್ತೀನಿ. ಟವೆಲ್ ಅದ್ದಿ ಮೈ ಒರೆಸ್ಕೊಂಡ್ಬಿಡು. ಆಮೇಲೆ ತಿಂಡಿ ತಿನ್ನು."

ಅತ್ತೆ ಎದ್ದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಇಷ್ಟರಲ್ಲಿ ನನ್ನದೊಂದು ಮೊಣಕೈ ಒದ್ದೆ ಆಗುತ್ತೆ. ನನ್ನ ಮಂಡಿ ನೋವಿನ ರಬ್ಬರ್ ಬ್ಯಾಗಿದೆಯಲ್ಲ, ಅದಕ್ಕೆ ತುಂಬು. ಪೈಪಿಗೆ ಕಟ್ಟು."

"ಐಸ್ ಕರಗೋ ಮೊದ್ಲೇ ಅದು ಆರಿಹೋದ್ರೆ ನಿಂಗೆ ಮೈ ಒರೆಸ್ಕೊಳ್ಳೋಕೂ ನೀರಿರಲ್ಲಮ್ಮ."

"ಕಟ್ಟೋ, ಮಾತಾಡ್ಬೇಡ."

ಕೈಯಲ್ಲಿದ್ದ ಕೊನೆಯ ನೀರನ್ನು ಮಗನ ಕೆಲಸಕ್ಕೆ ಕೊಟ್ಟು ಅವರು ಮತ್ತೆ ಹೋಗಿ ಕೂತರು. ಇವರು ಗೂಡಿನೊಳಗೆ ಅರ್ಧ ಮೈ ಇಳಿಸಿ, ಬಿಸಿ ಚೀಲವನ್ನು ಪೈಪಿಗೆ ಒತ್ತಿ ಹಿಡಿದು, ಒಂದು ಜಾಗ ಮೆತ್ತಗಾದ ಮೇಲೆ ಇನ್ನೊಂದು ಜಾಗಕ್ಕೆ ಸರಿಸುತ್ತ ಹೋದರು. ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಹಿಂದಿನಿಂದ ಶಾಲು ಹೊದಿಸಿದರೆ, "ಗಾಳಿಗೆ ಅಡ್ಡ ಬರುತ್ತೆ ಕಣೇ," ಎಂದು ಆಚೆ ಸರಿಸಿದರು.

ಅಷ್ಟರಲ್ಲಿ ಅತ್ತೆಯ ಮಡಿಲಲ್ಲಿದ್ದ ಕೈ ನಡುಗುವುದು ಕಾಣಿಸಿತು. ಟವೆಲಿನ ಕೆಳಗೆ ಮುಚ್ಚಿಕೊಂಡಿದ್ದರು, ಆದರೆ ಟವೆಲೇ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ನಾನು ಸಕ್ಕರೆ ಡಬ್ಬಿ ಹಿಡಿದು ಎದುರಿಗೆ ನಿಂತೆ. ಬೇಡವೆಂದು ತಲೆ ಅಲ್ಲಾಡಿಸಿದರು.

ಗೂಡಿನೊಳಗಿಂದಲೇ ಇವರ ದನಿ ಬಂತು. "ಅಮ್ಮ, ನೀರು ತಂದೇ ತರ್ತೀನಿ. ಆದ್ರೆ ನೀನು ಬಿದ್ದುಬಿಟ್ರೆ ಆ ನೀರು ಯಾರಿಗೆ ಕೊಡ್ಲಿ ಹೇಳು?"

ಅತ್ತೆ ಸಕ್ಕರೆ ಡಬ್ಬಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸಕ್ಕರೆ ತಿಂಡಿ ಅಲ್ಲ ಅಲ್ವೇನೇ? ಔಷಧಿ," ಎಂದರು.

"ಔಷಧೀನೇ ಅತ್ತೆ."

"ಔಷಧಿಗೆ ಸ್ನಾನ ಬೇಡ. ಹಾಕು ಎರಡು ಚಮಚ."

ಬಾಯಿ ತೆರೆದರು. ಬರೀ ಸಕ್ಕರೆಯನ್ನು ಕಣ್ಣು ಮುಚ್ಚಿ ಚಪ್ಪರಿಸುತ್ತ, "ಎಷ್ಟು ವರ್ಷ ಆಗಿತ್ತಮ್ಮ ಇದರ ರುಚಿ ನೋಡಿ," ಎಂದರು. ಮಗಳು ಪೆಟ್ಟಿಗೆಗಳ ಮೇಲೆ ಕೂತು, "ಅಜ್ಜಿ ಚೀಟಿಂಗ್ ಲಾ," ಎಂದು ಕಿಸಕ್ಕನೆ ನಕ್ಕಳು. ನನಗೆ ಉಸಿರು ಬಂತು. ಹಟ ಹಿಡಿಯುವುದು ಸುಲಭ. ಹಟ ಬಿಡದೆಯೇ ಮಗನಿಗೊಂದು ದಾರಿ ಮಾಡಿಕೊಡುವುದನ್ನು ನಾನು ಕಂಡಿದ್ದು ಅವತ್ತು.

ನಡುಕ ನಿಂತಿತು. ಮತ್ತೊಮ್ಮೆ ಬೆರಳು ಚುಚ್ಚಿ ನೋಡಿದೆ, ಸಕ್ಕರೆ ಏರುತ್ತಿತ್ತು. ಬಿಸಿಲು ಬೆಟ್ಟದ ತುದಿಯಿಂದ ಅರ್ಧಕ್ಕೆ ಇಳಿಯುವ ಹೊತ್ತಿಗೆ ಪಂಪಿನ ಗುಂಯ್ ಸದ್ದು ದಪ್ಪವಾಯಿತು. ತೆರೆದಿಟ್ಟಿದ್ದ ನಲ್ಲಿ ಒಮ್ಮೆ ಕೆಮ್ಮಿ, ಗಾಳಿ ಉಗುಳಿ, ಒಂದು ಚೂರು ಮಂಜುಗಡ್ಡೆಯನ್ನು ಸಿಂಕಿಗೆ ಟಣ್ ಎಂದು ಎಸೆದು, ಆಮೇಲೆ ಸುರಿಯತೊಡಗಿತು. ಪೈಪು ಎಲ್ಲೂ ಒಡೆದಿರಲಿಲ್ಲ. ಇವರು ಅದರ ಉದ್ದಕ್ಕೂ ಒಣ ಬಟ್ಟೆ ಎಳೆದು ನೋಡಿಯೇ ಹಲಗೆಯ ಮೇಲೆ ಕೂತರು. ಬೆರಳುಗಳು ಕೆಂಪಗಾಗಿ ಮಡಿಸಲು ಬರುತ್ತಿರಲಿಲ್ಲ.

ನೀರು ಕಾದ ಮೇಲೆ ಅತ್ತೆ ಶವರಿನೊಳಗೆ ಹೋದರು. ಬಾಗಿಲ ಆಚೆ ನೀರು ಬೀಳುವ ಸದ್ದನ್ನು ಇವರು ತಲೆ ಬಗ್ಗಿಸಿ ಕೇಳುತ್ತಿದ್ದರು. ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಅತ್ತೆ ಬಂದು ದೀಪಕ್ಕೆ ಕೈ ಮುಗಿದು, ತಟ್ಟೆ ಹಿಡಿದು, ಮೊದಲ ತುತ್ತು ಬಾಯಿಗಿಟ್ಟುಕೊಂಡ ಮೇಲೆಯೇ ಇವರು ತಮ್ಮ ತಟ್ಟೆಗೆ ಕೈ ಹಾಕಿದ್ದು. ಬೆರಳು ಮಡಿಸಲಾಗದ್ದನ್ನು ನೋಡಿ ಅತ್ತೆ ಅವರ ಕೈಗೊಂದು ಚಮಚ ಕೊಟ್ಟರು.

ಆ ಸಂಜೆ ಮುಂದಿನ ಊರಿನಲ್ಲಿ ಗಾಡಿ ನಿಲ್ಲಿಸಿದಾಗ ಇವರು ಕಿಂಡಿಗಳ ಮುಂದೆ ಒಂದು ಚೀಲವೂ ಇರದಂತೆ ಜಾಗ ಬಿಡಿಸಿದರು. ಪೈಪಿಗೆ ಮತ್ತೆ ಫೋಮು ತೊಡಿಸಿ ಗೂಡುಗಳ ಹಲಗೆಯನ್ನು ಒಂದು ಗೇಣು ಎತ್ತಿಟ್ಟರು. ಒಳಗೆ ಹಿಂದಿನ ದಿನದಷ್ಟು ಬೆಚ್ಚಗಿರಲಿಲ್ಲ.

"ಅಮ್ಮ, ನಿಂಗೆ ಸ್ವಲ್ಪ ಚಳಿ ಆಗ್ಬಹುದು."

ಅತ್ತೆ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡರು.

"ನಂಗೆ ಕಂಬಳಿ ಇದೆ ಕಣೋ. ನೀರಿಗೇನಿದೆ? ಮೊದ್ಲು ಅದಕ್ಕೆ ಕೊಡು."